ಪರ್ಸಿ ಚೂರಿನ ಹಾಜರಿ: ನನ್ನ ಎಲ್‌ಕೆಜಿ ಕೋಣೆಯ ಒಂದು ದಿನ

ನನ್ನ ಕೋಣೆಯ ಗೋಡೆಯ ಮೇಲೆ ಒಂದು ವೇಳಾಪಟ್ಟಿ ತೂಗುತ್ತದೆ. 10 ಗಂಟೆಗೆ ಪ್ರಾರ್ಥನೆ, 10.20ಕ್ಕೆ ಮಾತುಕತೆ, 10.50ಕ್ಕೆ ಎಣಿಕೆ, ಹೀಗೆ 3.30ರವರೆಗೆ. ನಾನೇ ಕುಳಿತು ಸ್ಕೆಚ್ ಪೆನ್ನಿನಲ್ಲಿ ಬಣ್ಣಬಣ್ಣವಾಗಿ ಬರೆದದ್ದು. ತಪಾಸಣೆಗೆ ಬಂದವರು ಅದನ್ನು ಓದಿ ತಲೆಯಾಡಿಸುತ್ತಾರೆ. ಮಕ್ಕಳಿಗೆ ಓದಲು ಬರುವುದಿಲ್ಲ, ಹಾಗಾಗಿ ಅವರು ಅದರಂತೆ ನಡೆದುಕೊಳ್ಳುವುದೂ ಇಲ್ಲ.

ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ಹತ್ತಿರವಿರುವ ಒಂದು ಹಳ್ಳಿಯ ಸರ್ಕಾರಿ ಶಾಲೆ ನಮ್ಮದು. 2024ರಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅಕ್ಷರ ಆವಿಷ್ಕಾರ ಯೋಜನೆಯಡಿ ಈ ಭಾಗದ ಸಾವಿರದಷ್ಟು ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆದಾಗ ನಾನು ಅತಿಥಿ ಶಿಕ್ಷಕಿಯಾಗಿ ಇಲ್ಲಿಗೆ ಬಂದೆ. ಅದಕ್ಕೂ ಮೊದಲು ಐದನೆಯ, ಆರನೆಯ ತರಗತಿಗಳಿಗೆ ಪಾಠ ಮಾಡಿದ್ದವಳು. ಸಣ್ಣ ಮಕ್ಕಳೆಂದರೆ ಕೆಲಸ ಹಗುರ ಎಂದುಕೊಂಡಿದ್ದೆ. ಮೊದಲ ದಿನ ಬಂದ 24 ಮಕ್ಕಳಲ್ಲಿ 19 ಮಕ್ಕಳು ಅತ್ತರು. ಉಳಿದ 5 ಮಕ್ಕಳು ಅವರನ್ನು ನೋಡಿ ಅತ್ತರು.

ಮಕ್ಕಳು 9.30ರಿಂದಲೇ ಬರತೊಡಗುತ್ತಾರೆ. ಕಳೆ ತೆಗೆಯಲು ಹೊರಟ ತಾಯಂದಿರು ಗೇಟಿನಲ್ಲಿ ಬಿಟ್ಟು ಓಡುತ್ತಾರೆ. ಕೆಲವರನ್ನು ಮೂರನೆಯ, ನಾಲ್ಕನೆಯ ತರಗತಿಯಲ್ಲಿರುವ ಅಕ್ಕಂದಿರು ಎಳೆದುಕೊಂಡು ಬರುತ್ತಾರೆ. ಒಬ್ಬ ತಾತ ಮೊಮ್ಮಗಳನ್ನು ಹೆಗಲ ಮೇಲೆ ಹೊತ್ತು ತಂದು, 11 ಗಂಟೆಯವರೆಗೆ ಬೇವಿನ ಗಿಡದ ಕೆಳಗೆ ಕುಳಿತಿರುತ್ತಿದ್ದರು. ಮೊದಮೊದಲು ನಾನು ಅವರನ್ನೆಲ್ಲ ಬೇಗ ಕಳಿಸಿಬಿಡುತ್ತಿದ್ದೆ. ‘ನೀವು ಕಣ್ಮರೆಯಾದರೆ ತಾನೇ ಸುಮ್ಮನಾಗುತ್ತದೆ’ ಎನ್ನುತ್ತಿದ್ದೆ. ಮಗು ಸುಮ್ಮನಾಗುತ್ತಿತ್ತು ನಿಜ. ಆದರೆ ಮರುದಿನ ಗೇಟು ಕಂಡ ಕೂಡಲೇ ಎರಡರಷ್ಟು ಅಳುತ್ತಿತ್ತು. ಈಗ ಮೊದಲ ಎರಡು ವಾರ ಯಾರು ಬೇಕಾದರೂ ಎಷ್ಟು ಹೊತ್ತು ಬೇಕಾದರೂ ಕುಳಿತುಕೊಳ್ಳಬಹುದು. ಆ ತಾತನಿಗೆ ನಾನೇ ಒಂದು ಚಾಪೆ ಹಾಕಿಸಿದ್ದೆ.

ಬೆಳಗಿನ ಅಳುವಿಗೆ ನನಗೆ ಸಿಕ್ಕ ಮದ್ದು ಕಲ್ಲು. ನಮ್ಮ ಕಡೆ ನೆಲ, ಕಟ್ಟೆ, ಗೋಡೆ ಎಲ್ಲಕ್ಕೂ ಪರ್ಸಿಯೇ. ಊರವರು ಶಹಾಬಾದ್ ಕಲ್ಲು ಎನ್ನುವುದು ಇದನ್ನೇ. ಒಡೆದ ಚೂರುಗಳಿಗೆ ಇಲ್ಲಿ ಬರವಿಲ್ಲ. ಅಂಗೈಯಗಲದ ಚೂರುಗಳನ್ನು ಆರಿಸಿ, ಅಂಚು ಚುಚ್ಚದಂತೆ ಉಜ್ಜಿ, ಒಂದೊಂದು ಮಗುವಿಗೆ ಒಂದೊಂದು ಚಿತ್ರ ಬರೆದೆ: ಕುರಿ, ಕುಡುಗೋಲು, ಮೆಣಸಿನಕಾಯಿ, ಕೊಡ, ನವಿಲು. ಆರು ಹುಡುಗರಿಗೆ ಟ್ರ್ಯಾಕ್ಟರೇ ಬೇಕಾಯಿತು. ಆರು ಬಣ್ಣದ ಟ್ರ್ಯಾಕ್ಟರ್ ಬರೆದುಕೊಟ್ಟೆ. ಚಿತ್ರದ ಕೆಳಗೆ ಮಗುವಿನ ಹೆಸರು. ಬಾಗಿಲ ಬಳಿ ಕಲ್ಲುಗಳನ್ನೆಲ್ಲ ಹರಡಿರುತ್ತೇನೆ. ಬಂದ ಮಗು ತನ್ನದನ್ನು ಹುಡುಕಿ ಬುಟ್ಟಿಗೆ ಹಾಕಬೇಕು. ಹುಡುಕುವಾಗ ಅಳು ಅರ್ಧಕ್ಕೆ ನಿಂತಿರುತ್ತದೆ, ಕಲ್ಲು ಸಿಕ್ಕ ಮೇಲೆ ಮುಂದುವರಿಸಲು ಕೆಲವರಿಗೆ ಮರೆತೇ ಹೋಗುತ್ತದೆ. ಎಲ್ಲರೂ ಬಂದ ಮೇಲೆ ಉಳಿದ ಕಲ್ಲುಗಳ ಸುತ್ತ ಕುಳಿತುಕೊಳ್ಳುತ್ತೇವೆ. ‘ಇವತ್ತು ಯಾರ ಕಲ್ಲು ಉಳಿದಿದೆ?’ ‘ಏಕೆ ಬಂದಿಲ್ಲ?’ ‘ಎಷ್ಟು ಉಳಿದಿವೆ?’ ಆ ದಿನದ ಮಾತುಕತೆ, ಎಣಿಕೆ ಎರಡೂ ಅಲ್ಲೇ ಮುಗಿದಿರುತ್ತವೆ. ದಸರಾ ರಜೆ ಮುಗಿದ ಮೇಲೆ ಕಲ್ಲುಗಳನ್ನು ಮಗುಚಿ, ಹಿಂಬದಿಯಲ್ಲಿ ಹೆಸರು ಮಾತ್ರ ಬರೆದಿಟ್ಟೆ. ಒಂದು ವಾರ ಗಲಾಟೆಯೋ ಗಲಾಟೆ. ಎಳ್ಳಮಾವಾಸ್ಯೆಯ ಹೊತ್ತಿಗೆ 15 ಮಕ್ಕಳು ತಮ್ಮ ಹೆಸರನ್ನು ಗುರುತಿಸುತ್ತಿದ್ದರು. ಅಕ್ಷರವೆಂದು ನಾನು ಅದನ್ನು ಕಲಿಸಿರಲಿಲ್ಲ.

ಇದಕ್ಕೂ ಮೊದಲು ನಾನು ಕಲಿಸುವುದು ಕಿರುಬೆರಳು ಎತ್ತುವುದನ್ನು. ಅದರ ಹಿಂದೆ ನನ್ನದೇ ತಪ್ಪಿದೆ. ಮೊದಲ ವರ್ಷ ಪಕ್ಕದ ತಾಂಡಾದ ಹುಡುಗನೊಬ್ಬ ಬರುತ್ತಿದ್ದ. ಮನೆಯಲ್ಲಿ ಲಂಬಾಣಿ ಮಾತು, ಕನ್ನಡ ಅವನ ಕಿವಿಗೆ ಹೊಸದು. ಎರಡು ದಿನ ಚೆನ್ನಾಗಿಯೇ ಕುಳಿತಿದ್ದ. ಮೂರನೆಯ ದಿನ ನನ್ನ ಬಳಿ ಬಂದು ಸೆರಗು ಹಿಡಿದು ಏನೋ ಹೇಳಿದ. ನನಗೆ ತಿಳಿಯಲಿಲ್ಲ. ‘ಕುಳಿತುಕೋ ತಮ್ಮಾ, ಆಮೇಲೆ’ ಎಂದೆ. ಐದು ನಿಮಿಷದಲ್ಲಿ ಚಡ್ಡಿ ಒದ್ದೆಯಾಗಿತ್ತು, ಸುತ್ತಲಿನವರು ನಗುತ್ತಿದ್ದರು. ನಾಲ್ಕು ದಿನ ಶಾಲೆಗೆ ಬರಲಿಲ್ಲ. ಐದನೆಯ ದಿನ ನಾನೇ ತಾಂಡಾಕ್ಕೆ ಹೋದೆ. ಅವನ ತಾಯಿ ಜಗಳವಾಡಿದ್ದರೆ ಚೆನ್ನಾಗಿತ್ತು. ಅವರು ಚಹಾ ಮಾಡಿಕೊಟ್ಟರು, ‘ಅವನಿಗೇ ಬುದ್ಧಿಯಿಲ್ಲ ಅಕ್ಕೋರೇ’ ಎಂದರು.

ಶಾಲೆಯಲ್ಲಿ ಓದಿದ ಎಲ್ಲರಿಗೂ ‘ಒಂದಕ್ಕೆ’ ಹೋಗಲು ಕಿರುಬೆರಳು ಎತ್ತಬೇಕೆಂದು ಗೊತ್ತು. ಮನೆಯಲ್ಲಿ ಯಾವ ಮಗುವೂ ಹಾಗೆ ಬೆರಳು ಎತ್ತುವುದಿಲ್ಲ ಎಂಬುದು ನನಗೆ ಅಂದು ಹೊಳೆಯಿತು. ಈಗ ಮೊದಲ ದಿನವೇ ಎಲ್ಲರೂ ಸಾಲಾಗಿ ಶೌಚಾಲಯಕ್ಕೆ ಹೋಗುತ್ತೇವೆ. ನಾನೂ ಹೋಗುತ್ತೇನೆ. ಬಾಗಿಲು ಹಾಕಿದರೆ ಒಳಗೆ ಕತ್ತಲೆ, ಅದೇ ಭಯ. ಆದ್ದರಿಂದ ಬಾಗಿಲು ಅರೆತೆರೆದಿರುತ್ತದೆ, ಆಯಾ ಹೊರಗೆ ನಿಂತಿರುತ್ತಾರೆ. ಪ್ರತಿ ಮುಕ್ಕಾಲು ಗಂಟೆಗೊಮ್ಮೆ ಯಾರೂ ಕೇಳದಿದ್ದರೂ ಕಳಿಸುತ್ತೇವೆ. ಕಪಾಟಿನಲ್ಲಿ ನಾಲ್ಕು ಹಳೆಯ ಚಡ್ಡಿ, ಎರಡು ಫ್ರಾಕು ಸದಾ ಇರುತ್ತವೆ. ಕಪ್ಪುಹಲಗೆ ಇಲ್ಲದೆ ಒಂದು ತಿಂಗಳು ನಡೆಸಬಲ್ಲೆ, ಅವಿಲ್ಲದೆ ಒಂದು ದಿನವೂ ನಡೆಸಲಾರೆ.

ನೀರು ಕುಡಿಯುವ ಹೊತ್ತು ನಮ್ಮ ಭಾಷಾ ತರಗತಿ. ಕೋಣೆಯಲ್ಲಿ ಕನ್ನಡ, ಲಂಬಾಣಿ, ತೆಲುಗು, ದಖ್ಖನಿ ಉರ್ದು ನಾಲ್ಕೂ ಇವೆ. ಲೋಟ ಎತ್ತಿ ‘ನೀರು’ ಎನ್ನುತ್ತೇನೆ. ಒಬ್ಬಳು ‘ನೀಳ್ಳು’ ಎನ್ನುತ್ತಾಳೆ, ಒಬ್ಬ ‘ಪಾನಿ’ ಎನ್ನುತ್ತಾನೆ, ತಾಂಡಾದವರು ‘ಪಾಣಿ’ ಎನ್ನುತ್ತಾರೆ. ಎಲ್ಲರೂ ಎಲ್ಲವನ್ನೂ ಹೇಳುತ್ತೇವೆ. ‘ಯಾಡಿ’ ಎಂದರೆ ತಾಯಿ, ‘ಬಾಟಿ’ ಎಂದರೆ ರೊಟ್ಟಿ ಎಂದು ನನಗೆ ಹೇಳಿಕೊಟ್ಟವನು ಆ ಚಡ್ಡಿ ಒದ್ದೆ ಮಾಡಿಕೊಂಡ ಹುಡುಗನೇ. ನಾನು ತಪ್ಪಾಗಿ ಉಚ್ಚರಿಸಿದಾಗ ಅವನಿಗಾಗುವ ಸಂತೋಷ ನೋಡಬೇಕು.

ಹಾಲಿನ ವಿಷಯ ಬೇಗ ಹೇಳಿಬಿಡುತ್ತೇನೆ. ಕ್ಷೀರಭಾಗ್ಯದ ಲೆಕ್ಕ ಒಬ್ಬರಿಗೆ 150 ಮಿಲಿಲೀಟರ್. ದೊಡ್ಡ ಮಕ್ಕಳ ಜೊತೆ ನಮ್ಮವರಿಗೂ ಅಡುಗೆಮನೆಯಿಂದ ಬರುತ್ತದೆ. ಬಿಸಿ ಸ್ಟೀಲ್ ಲೋಟವನ್ನು ನಾಲ್ಕು ವರ್ಷದ ಕೈ ಹಿಡಿಯಲಾರದು. ಆರಿಸಿ, ಅರ್ಧರ್ಧವಾಗಿ ಎರಡು ಸಲ ಕೊಡಬೇಕು. ಅಷ್ಟೇ.

ಇನ್ನು ಬರವಣಿಗೆ. ಇದರ ಮೇಲೆ ಊರಿನವರಿಗೂ ನನಗೂ ದೊಡ್ಡ ವಾದವೇ ನಡೆದಿದೆ. ನಮ್ಮ ಊರಿಗೆ ಖಾಸಗಿ ಶಾಲೆಯೊಂದರ ವ್ಯಾನು ಬರುತ್ತದೆ. ಅದರಲ್ಲಿ ಹೋಗುವ ನಾಲ್ಕು ವರ್ಷದ ಮಕ್ಕಳು ನೋಟುಬುಕ್ಕಿನ ತುಂಬ ಎಬಿಸಿಡಿ ಬರೆದು ತರುತ್ತಾರೆ. ಅದನ್ನು ನೋಡಿ ನಾನೂ ಮೊದಲ ಎರಡು ತಿಂಗಳು ಬರೆಸಿದೆ. ಒಬ್ಬಳು ಪೆನ್ಸಿಲನ್ನು ಒನಕೆಯಂತೆ ಮುಷ್ಟಿಯಲ್ಲಿ ಹಿಡಿದು ಒತ್ತಿ ಒತ್ತಿ ಹಾಳೆ ತೂತು ಮಾಡುತ್ತಿದ್ದಳು. ಅವಳ ಮಣಿಕಟ್ಟು ನಡುಗುತ್ತಿತ್ತು. ಮಣಿಕಟ್ಟಿನಲ್ಲಿ 8 ಪುಟ್ಟ ಮೂಳೆಗಳಿವೆ. ಹುಟ್ಟಿದಾಗ ಅವೆಲ್ಲ ಮೆದುಮೂಳೆಯೇ, ವರ್ಷಗಳು ಕಳೆದಂತೆ ಒಂದೊಂದಾಗಿ ಗಟ್ಟಿಯಾಗುತ್ತವೆ. ನಾಲ್ಕು ವರ್ಷದ ಮಗುವಿನಲ್ಲಿ ಅರ್ಧದಷ್ಟು ಇನ್ನೂ ಮೆದುವಾಗಿಯೇ ಇರುತ್ತವೆ. ತರಬೇತಿಯಲ್ಲಿ ಇದನ್ನು ಓದಿ ಪರೀಕ್ಷೆಯಲ್ಲೂ ಬರೆದಿದ್ದೆ. ಆ ನಡುಗುವ ಕೈ ಕಂಡಾಗಲೇ ಓದಿದ್ದು ಅರ್ಥವಾದದ್ದು. ತಾರಾಬಾಯಿ ಮೋಡಕ್, ಅನುತಾಯಿ ವಾಘ್ ಅವರ ಬಗ್ಗೆಯೂ ಅಲ್ಲೇ ಓದಿದ್ದೆ. 1945ರಲ್ಲಿ ಈಗಿನ ಮಹಾರಾಷ್ಟ್ರದ ಬೋರ್ಡಿಯಲ್ಲಿ ಕೆಲಸ ಆರಂಭಿಸಿ, ಎಲೆ, ಬೀಜ, ಕಲ್ಲು, ಮಣ್ಣನ್ನೇ ಮಕ್ಕಳ ಕಲಿಕೆಯ ಸಾಮಗ್ರಿ ಮಾಡಿಕೊಂಡವರು ಅವರು.

ನೋಟುಬುಕ್ಕು ಮುಚ್ಚಿಟ್ಟೆ. ನಮ್ಮ ಹೊಲಗಳ ಎರೆಮಣ್ಣು ಹದವಾಗಿ ನಾದಿದರೆ ಎಂಥ ಆಕಾರವನ್ನೂ ಹಿಡಿಯುತ್ತದೆ. ಜೂನ್ ಕೊನೆಯ ಹೊತ್ತಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ, ಮನೆಮನೆಯಲ್ಲೂ ಮಣ್ಣಿನ ಎತ್ತು ಪೂಜೆಗೆ ಕೂರುತ್ತವೆ. ನಾವು ಒಂದು ವಾರ ಮೊದಲೇ ಶುರು ಮಾಡುತ್ತೇವೆ. ಎತ್ತಿಗೆ ಎಷ್ಟು ಕಾಲು ಎಂದು ನಾನು ಹೇಳುವುದಿಲ್ಲ. ಎರಡೇ ಕಾಲಿಟ್ಟವನ ಎತ್ತು ಮುಗ್ಗರಿಸಿದಾಗ ಅವನೇ ಇನ್ನೆರಡು ಅಂಟಿಸುತ್ತಾನೆ. ಒಬ್ಬಳು ಮಾತ್ರ ಆರು ಕಾಲು ಇಟ್ಟು, ‘ಇದು ಬೀಳುವುದೇ ಇಲ್ಲ ಟೀಚರ್’ ಎಂದಳು. ಹಾಗೆಯೇ ಇಟ್ಟುಕೊಂಡೆವು.

ಅದೇ ವಾರ ಅವಳ ತಂದೆ ಬಂದರು. ‘ಅಕ್ಕೋರೇ, ಮಣ್ಣು ಆಡುವುದಕ್ಕೆ ಶಾಲೆ ಏಕೆ ಬೇಕು? ಮನೆ ಮುಂದೆಯೇ ಬೇಕಾದಷ್ಟಿದೆ.’ ನ್ಯಾಯವಾದ ಪ್ರಶ್ನೆ. ಅಂದು ಉತ್ತರ ಹೇಳಲು ಹೋಗಿ ತಡವರಿಸಿದೆ. ಚಳಿಗಾಲದಲ್ಲಿ ಹಸಿ ತೊಗರಿಕಾಯಿ ಬಂದಾಗ ಅವರನ್ನು ಮತ್ತೆ ಕರೆಸಿದೆ. ಮಕ್ಕಳು ಹೆಬ್ಬೆರಳು, ತೋರುಬೆರಳಲ್ಲಿ ಕಾಯಿ ಸೀಳಿ ಕಾಳು ಬಿಡಿಸುತ್ತಿದ್ದರು. ಅವರ ಮಗಳ ಕೈಗೆ ಸೀಮೆಸುಣ್ಣ ಕೊಟ್ಟೆ. ಕಾಯಿ ಹಿಡಿದ ಬೆರಳುಗಳಲ್ಲೇ ಅದನ್ನು ಹಿಡಿದು, ನೆಲದ ಪರ್ಸಿಯ ಮೇಲೆ ನಡುಗದ ಒಂದು ಸುತ್ತು ಎಳೆದಳು. ಅವರು ಸ್ವಲ್ಪ ಹೊತ್ತು ನೋಡಿ, ‘ಆದರೂ ಎಬಿಸಿಡಿ ಯಾವಾಗ?’ ಎಂದರು. ಯುಕೆಜಿಯಲ್ಲಿ ಎಂದೆ. ಪೂರ್ತಿ ಒಪ್ಪಲಿಲ್ಲ, ಮಗಳನ್ನು ಬಿಡಿಸಿಕೊಂಡು ಹೋಗಲೂ ಇಲ್ಲ.

ಕಾಳಿನ ಆಟದಲ್ಲಿ ಒಂದು ಅಪಾಯವಿದೆ, ಹೊಸಬರು ಇದನ್ನು ಓದಿಯೇ ಶುರು ಮಾಡಬೇಕು. ಒಬ್ಬ ಹುಡುಗ ಕಡಲೆಕಾಳನ್ನು ಮೂಗಿಗೆ ತುರುಕಿಕೊಂಡ. ಆಯಾ ಕಡ್ಡಿ ತರಲು ಹೊರಟರು. ನಾನು ತಡೆದೆ. ಚುಚ್ಚಿದರೆ ಒಳಕ್ಕೆ ಸರಿಯುತ್ತದೆ, ನೀರು ಹಾಕಿದರೆ ಕಾಳು ಉಬ್ಬುತ್ತದೆ. ಬೈಕಿನಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದೆವು, ಎರಡು ನಿಮಿಷದಲ್ಲಿ ತೆಗೆದರು. ಹುಡುಗ ಆರಾಮವಾಗಿದ್ದ. ನನ್ನ ಕೈ ಸಂಜೆಯವರೆಗೂ ನಡುಗುತ್ತಿತ್ತು. ಅಂದಿನಿಂದ ಬಿಡಿ ಕಾಳಿನ ಕೆಲಸವೆಂದರೆ ಆರಾರು ಮಕ್ಕಳು ಮಾತ್ರ, ಪಕ್ಕದಲ್ಲಿ ಒಬ್ಬ ದೊಡ್ಡವರು. ಉಳಿದಂತೆ ಬಾಟಲಿ ಮುಚ್ಚಳ, ಪರ್ಸಿ ಚೂರು, ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡು.

ಊಟಕ್ಕೆ ವೇಳಾಪಟ್ಟಿಯಲ್ಲಿ ಅರ್ಧ ಗಂಟೆ ಬರೆದಿದ್ದೆ. ಬೇಕಾಗುವುದು ಮುಕ್ಕಾಲು ಗಂಟೆಗೂ ಹೆಚ್ಚು. ರಾಜ್ಯದಲ್ಲಿ ಬಿಸಿಯೂಟ 2002ರಲ್ಲಿ ಮೊದಲು ಶುರುವಾದದ್ದು ನಮ್ಮ ಕಡೆಯ ಜಿಲ್ಲೆಗಳಲ್ಲಿ. ನಾನಾಗ ಮೂರನೆಯ ತರಗತಿ, ಅದೇ ಅನ್ನ ಸಾರು ಉಂಡವಳು. ಅಕ್ಷರ ದಾಸೋಹ ಎಂಬ ಅದರ ಹೆಸರನ್ನು, ದಾಸೋಹಕ್ಕೆ ಹೆಸರಾದ ಶರಣಬಸವೇಶ್ವರರ ನೆಲದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದರೆ ನಾಲ್ಕು ವರ್ಷದವರಿಗೆ ತುತ್ತು ಮಾಡಿ ಇಟ್ಟೇ ಅಭ್ಯಾಸ. ತಾವೇ ಕಲಸಿ ತಿನ್ನುವುದು ದೊಡ್ಡ ಕಸರತ್ತು. ಅನ್ನ ನೆಲಕ್ಕೆ ಬೀಳುತ್ತದೆ, ಸಾರು ಮೊಣಕೈಯವರೆಗೆ ಹರಿಯುತ್ತದೆ. ಆಗ ಆಯಾ ತಿನ್ನಿಸಲು ಕೈ ಹಾಕುತ್ತಾರೆ, ನಾನು ಬೇಡವೆನ್ನುತ್ತೇನೆ. ಮಕ್ಕಳು ಆಕೆಯನ್ನು ‘ಆಯಿ’ ಎಂದೇ ಕರೆಯುತ್ತಾರೆ, ನಮ್ಮಲ್ಲಿ ಅಜ್ಜಿಗೆ ಹೇಳುವ ಮಾತು. ಅಜ್ಜಿಯಂತೆಯೇ ನನ್ನ ಕಣ್ಣು ತಪ್ಪಿಸಿ ಎರಡು ತುತ್ತು ಇಟ್ಟಿರುತ್ತಾರೆ. ಮೊಟ್ಟೆ ಇದ್ದ ದಿನ ಸಿಪ್ಪೆಯನ್ನು ಮಕ್ಕಳೇ ಸುಲಿಯುತ್ತಾರೆ. ಯಾವ ಬರವಣಿಗೆ ಪುಸ್ತಕವೂ ಬೆರಳಿಗೆ ಅಷ್ಟು ಕೆಲಸ ಕೊಡುವುದಿಲ್ಲ.

ಊಟದ ನಂತರ ಮಲಗಿಸುತ್ತೇವೆ. ತಾಯಂದಿರು ಕೊಟ್ಟ ಹಳೆಯ ಕೌದಿಗಳು ಹತ್ತು ಇವೆ. ಚಳಿಗಾಲದಲ್ಲಿ ಪರ್ಸಿ ನೆಲ ಕೊರೆಯುತ್ತದೆ, ಎರಡು ಮಡಿಕೆ ಹಾಸಬೇಕು. ನಿದ್ದೆ ಬಾರದವರು ಸುಮ್ಮನೆ ಹೊರಳಾಡಬಹುದು. ಒಮ್ಮೆ ಭೇಟಿಗೆ ಬಂದವರೊಬ್ಬರು ‘ಮಕ್ಕಳನ್ನು ಮಲಗಿಸಲು ಸಂಬಳವೇ?’ ಎಂದು ನಕ್ಕರು. 2 ಗಂಟೆಗೆ ನಿದ್ದೆಗೆಟ್ಟ 24 ಮಕ್ಕಳ ಜೊತೆ ಅವರನ್ನು ಅರ್ಧ ತಾಸು ಬಿಡಬೇಕೆನ್ನಿಸಿತು. ನಾನೂ ನಕ್ಕು ಸುಮ್ಮನಾದೆ.

ಎದ್ದ ಮೇಲೆ ಕತೆ, ಆಟ, ಮುಖ ತೊಳೆಯುವುದು. ಮಾರ್ಚ್ ಬಂತೆಂದರೆ ಇದೆಲ್ಲ ತಲೆಕೆಳಗು. ನಮ್ಮ ಬಿಸಿಲು 40 ಡಿಗ್ರಿ ದಾಟುತ್ತದೆ. ಬೆಳಗಿನ ಶಾಲೆಯಾದಾಗ ಓಡಾಟದ ಆಟಗಳೆಲ್ಲ 9 ಗಂಟೆಯೊಳಗೆ ಮುಗಿಯಬೇಕು, ಅರ್ಧ ಗಂಟೆಗೊಮ್ಮೆ ನೀರು.

ಮನೆಗೆ ಹೊರಡುವಾಗ ಪ್ರತಿ ಮಗುವೂ ಬುಟ್ಟಿಯಿಂದ ತನ್ನ ಕಲ್ಲು ತೆಗೆದು ತಗಡಿನ ಡಬ್ಬಿಗೆ ಹಾಕುತ್ತದೆ. ಯಾರ ಕಲ್ಲು ಬುಟ್ಟಿಯಲ್ಲಿ ಉಳಿದಿದೆಯೋ ಆ ಮಗು ಇನ್ನೂ ಶಾಲೆಯಲ್ಲೇ ಇದೆ ಎಂದು ಲೆಕ್ಕ. ಒಮ್ಮೆ ಹೀಗೆಯೇ ಕೌದಿಯೊಳಗೆ ಮಲಗಿ ಉಳಿದವಳೊಬ್ಬಳು ಸಿಕ್ಕಿದ್ದಳು.

ತೊಗರಿ ರಾಶಿ ಮುಗಿದ ಮೇಲೆ ತಾಂಡಾದ ಕೆಲವು ಮನೆಗಳಿಗೆ ಬೀಗ ಬೀಳುತ್ತದೆ. ಪುಣೆ, ಮುಂಬೈಗೆ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಮಕ್ಕಳೂ ಜೊತೆಗೆ. ಈ ವರ್ಷ ಎರಡು ಕಲ್ಲು ಉಳಿದಿವೆ, ನವಿಲು ಮತ್ತು ನೀಲಿ ಟ್ರ್ಯಾಕ್ಟರ್. ದಿನವೂ ಬೆಳಿಗ್ಗೆ ‘ಯಾರ ಕಲ್ಲು?’ ಎಂದರೆ ಮಕ್ಕಳು ಇಬ್ಬರ ಹೆಸರನ್ನೂ ಹೇಳಿ, ‘ಪುಣೆ’ ಎನ್ನುತ್ತಾರೆ. ಜನವರಿಯಲ್ಲಿ ಹೊಸ ಹುಡುಗನೊಬ್ಬ ಸೇರಿದ. ಅವನಿಗೆ ನೀಲಿ ಟ್ರ್ಯಾಕ್ಟರೇ ಬೇಕಂತೆ. ಹೆಸರು ಅಳಿಸಿ ಕೊಟ್ಟುಬಿಡೋಣವೇ ಎಂದು ಆಯಿಯನ್ನು ಕೇಳಿದೆ.

‘ಹೋಳಿ ಹಬ್ಬಕ್ಕೆ ತಾಂಡಾಕ್ಕೆ ಬರುತ್ತಾರೆ, ಅಲ್ಲಿಯವರೆಗೆ ಇರಲಿ’ ಎಂದರು. ಹೊಸಬನಿಗೆ ಏಳನೆಯ ಟ್ರ್ಯಾಕ್ಟರ್ ಬರೆಯಲು ಕುಳಿತೆ. ಉಳಿದಿದ್ದ ಬಣ್ಣ ಗುಲಾಬಿ ಒಂದೇ.