ಮರದ ತಲೆ ಬಿಡಿ, ಬುಡ ನೋಡಿ

ಯುಗಾದಿ ಕಳೆದು ಮೊದಲ ಗಾಳಿಮಳೆ ಹೊಡೆದ ಮಾರನೇ ಬೆಳಿಗ್ಗೆ ನನ್ನ ಫೋನಿಗೆ ಬಿಡುವಿರುವುದಿಲ್ಲ. ಎಲ್ಲರದೂ ಒಂದೇ ಮಾತು. ‘ಮರ ತುಂಬಾ ಎತ್ತರ ಆಗಿದೆ, ತಲೆ ಕಡಿದುಬಿಡಿ.’ ನಾನೂ ಒಂದೇ ಮಾತು ಕೇಳುತ್ತೇನೆ: ಬುಡ ನೋಡಿದಿರಾ? ಇಲ್ಲ ಅನ್ನುತ್ತಾರೆ. ಬುಡದಲ್ಲಿ ಹೂಕುಂಡ ಜೋಡಿಸಿರುತ್ತಾರೆ, ಇಲ್ಲವೇ ಟೈಲ್ಸ್ ಹಾಕಿ ಸ್ಕೂಟರ್ ನಿಲ್ಲಿಸಿರುತ್ತಾರೆ.

ನಾನು ಪಾಂಡವಪುರದ ಕಡೆಯವನು. ಊರಲ್ಲಿ ತೆಂಗಿನಕಾಯಿ ಕೀಳುತ್ತಿದ್ದೆ. ಮೈಸೂರಿಗೆ ಬಂದು ಮರ ಹತ್ತಲು ಶುರು ಮಾಡಿ 22 ವರ್ಷ ಆಯಿತು. ಹೆಚ್ಚಿನ ಕೆಲಸ ಲಿಂಗಾಂಬುಧಿ ಕೆರೆ ಸುತ್ತಲಿನ ಬಡಾವಣೆಗಳಲ್ಲೇ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ಕಟ್ಟಿಸಿದ ಕೆರೆ ಅದು. ಈ ಕಡೆ ನಾನು ಗುಂಡಿ ತೋಡಿದ ಎಷ್ಟೋ ಸೈಟುಗಳಲ್ಲಿ ಮೇಲೆ ಒಂದಡಿ ಕಟ್ಟಡದ ಕಸ, ಕೆಳಗೆ ಅಂಟು ಮಣ್ಣು. ಮಳೆಗಾಲದಲ್ಲಿ ಮೂರಡಿಗೇ ಒರತೆ. ಬೇರಿಗೂ ಉಸಿರಾಡಬೇಕು, ನೀರು ನಿಂತ ಕಡೆ ಅದು ಇಳಿಯುವುದಿಲ್ಲ. ಊಟದ ತಟ್ಟೆ ಹಾಗೆ ಅಗಲಕ್ಕೆ ಹರಡಿಕೊಳ್ಳುತ್ತದೆ. ಕೆರೆ ಪಕ್ಕದ ಮರ ಸೊಂಪಾಗಿ ಕಾಣುವುದೂ ನಿಜ, ಎರಡು ದಿನ ಮಳೆ ನೆನೆದ ಮೇಲೆ ಸಣ್ಣ ಗಾಳಿಗೆ ಬೇರು ಸಮೇತ ಮಗುಚುವುದೂ ನಿಜ.

ಹಾಗಾಗಿ ಮಾರ್ಚಿ ತಿಂಗಳಲ್ಲಿ ಒಂದು ಬೆಳಿಗ್ಗೆ ಬಿಡುವು ಮಾಡಿಕೊಳ್ಳಿ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ, ಸರಿ. ಮರ ಬೀಳುವುದೂ ಅದೇ ಮಳೆಗೆ. ಅದಕ್ಕೆ ಮುಂಚೆ ಕುಂಡ ಗಿಂಡ ಎಲ್ಲ ಸರಿಸಿ, ಬುಡದ ಸುತ್ತ ಒಂದು ಸುತ್ತು ಬನ್ನಿ. ಬುಡ ಆನೆಯ ಪಾದದ ಹಾಗೆ ಅಗಲವಾಗಿ ನೆಲಕ್ಕೆ ಇಳಿದಿರಬೇಕು. ಕಂಬ ನೆಟ್ಟ ಹಾಗೆ ನೇರ ಹೋಗಿದ್ದರೆ ಯಾರೋ ಮೇಲೆ ಮಣ್ಣು ತುಂಬಿದ್ದಾರೆ ಅಂತ ಅರ್ಥ, ಒಳಗೆ ತೊಗಟೆ ಕೊಳೆಯುತ್ತಿರುತ್ತದೆ. ಬುಡದಲ್ಲಿ ಅಣಬೆ ಎದ್ದಿದೆಯಾ? ಮರದ ಹಾಗೆ ಗಟ್ಟಿಯಾಗಿ, ಕಂದು ಬಣ್ಣಕ್ಕೆ, ಗೋಡೆಗೆ ಹೊಡೆದ ಹಲಗೆಯಂತೆ ಚಾಚಿಕೊಂಡಿದ್ದರೆ ಅದು ಕೆಟ್ಟ ಸುದ್ದಿ. ಕಿತ್ತು ಎಸೆದರೆ ಏನೂ ಉಪಯೋಗವಿಲ್ಲ. ರೋಗ ಒಳಗಿದೆ, ಕಾಣುವುದು ಅದರ ಹಣ್ಣು ಮಾತ್ರ.

ಆಮೇಲೆ ಮರದ ಸುತ್ತಿಗೆಯಿಂದ ಕಾಂಡ ತಟ್ಟಿ ನೋಡಿ. ಮಾರ್ಕೆಟಿನಲ್ಲಿ ಹಲಸಿನ ಹಣ್ಣು ತಟ್ಟಿ ನೋಡುತ್ತೀರಲ್ಲ, ಹಾಗೇ. ಡಬ ಡಬ ಅಂದರೆ ಪೊಳ್ಳು. ಪೊಳ್ಳು ಅಂದ ತಕ್ಷಣ ಕಡಿಯಬೇಕಿಲ್ಲ. ಮರ ನಿಂತಿರುವುದು ಹೊರಗಿನ ಗಟ್ಟಿ ಸುತ್ತಿನ ಮೇಲೆ. ಎರಡಡಿ ದಪ್ಪದ ಕಾಂಡದಲ್ಲಿ ಸುತ್ತಲೂ ನಾಲ್ಕು ಇಂಚು ಗಟ್ಟಿ ಇದ್ದರೆ ನಾನು ಮುಟ್ಟುವುದಿಲ್ಲ. ಪೊಟರೆಯೊಳಗೆ ಗಿಳಿಯೋ ಗೂಬೆಯೋ ಸಂಸಾರ ಮಾಡಿಕೊಂಡಿರುತ್ತದೆ, ಇರಲಿ ಬಿಡಿ. ಸಿಮೆಂಟು ಮಾತ್ರ ತುಂಬಬೇಡಿ. ಗಾಳಿಗೆ ಮರ ಬಾಗುತ್ತದೆ, ಸಿಮೆಂಟು ಬಾಗುವುದಿಲ್ಲ. ನಡುವಿನ ಸಂದಿಯಲ್ಲಿ ನೀರು ನಿಂತು ಇನ್ನಷ್ಟು ಕೊಳೆಯುತ್ತದೆ.

ಇವೆಲ್ಲಕ್ಕಿಂತ ನನಗೆ ಭಯ ಇರುವುದು ಹೊಸದಾಗಿ ವಾಲಿದ ಮರದ ಬಗ್ಗೆ. ಚಿಕ್ಕಂದಿನಿಂದ ವಾಲಿ ಬೆಳೆದ ಮರ ತನ್ನ ಭಾರ ತಾನೇ ಹೊರಲು ಕಲಿತಿರುತ್ತದೆ, ತುದಿ ಮತ್ತೆ ಮೇಲಕ್ಕೆ ತಿರುಗಿರುತ್ತದೆ. ನಿನ್ನೆ ಮೊನ್ನೆ ವಾಲಿದ್ದಕ್ಕೆ ಆ ಬಾಗು ಇರುವುದಿಲ್ಲ. ನಾಲ್ಕು ವರ್ಷದ ಹಿಂದೆ ಕೆರೆ ಏರಿಯಿಂದ ಎರಡು ರಸ್ತೆ ಆಚೆ, ನಿವೃತ್ತ ಮೇಷ್ಟ್ರೊಬ್ಬರ ಮನೆಗೆ ಹೋಗಿದ್ದೆ. ಕರೆದಿದ್ದು ತೆಂಗಿನ ಗರಿ ತೆಗೆಯಲು. ಅಂಗಳದಲ್ಲಿ ಗುಲ್‌ಮೊಹರ್ ಕೆಂಪಗೆ ಹೂ ಬಿಟ್ಟು ನಿಂತಿತ್ತು, ಮನೆ ಕಡೆಗೆ ಸ್ವಲ್ಪ ವಾಲಿತ್ತು.

‘ಮೇಷ್ಟ್ರೇ, ಇದು ಯಾವಾಗಿನಿಂದ ಹೀಗೆ?’

‘ಏನಪ್ಪಾ, ಇಷ್ಟು ಚೆನ್ನಾಗಿ ಹೂ ಬಿಟ್ಟಿದೆ, ಅದಕ್ಕೇನಾಗಿದೆ?’

‘ಇಲ್ಲಿ ಕಾಲಿಟ್ಟು ನೋಡಿ ಸಾರ್.’

ಕಾಂಪೌಂಡ್ ಕಡೆಯ ಮಣ್ಣಿನಲ್ಲಿ ಅರ್ಧಚಂದ್ರದ ಹಾಗೆ ಬಿರುಕು ಬಿಟ್ಟಿತ್ತು. ನನ್ನ ನಾಲ್ಕು ಬೆರಳು ಒಳಗೆ ಹೋದವು. ಗಾಳಿ ಬೀಸಿದಾಗ ಬಿರುಕು ತುಸು ಬಾಯಿ ತೆರೆದು ಮುಚ್ಚುತ್ತಿತ್ತು. ಮರ ಉಸಿರಾಡಿದ ಹಾಗೆ ಕಂಡಿತು, ನನಗೆ ಮೈ ಜುಮ್ ಅಂತು. ಹಿಂದಿನ ವರ್ಷ ಕಾಂಪೌಂಡ್ ಪಾಯ ತೋಡಿದಾಗ ಆ ಕಡೆಯ ಬೇರನ್ನೆಲ್ಲ ಕತ್ತರಿಸಿದ್ದರಂತೆ. ಹಿಡಿದುಕೊಳ್ಳಲು ಏನೂ ಉಳಿದಿರಲಿಲ್ಲ. ಆ ರಾತ್ರಿ ಮನೆಯವರನ್ನು ಹಿಂದಿನ ಕೋಣೆಯಲ್ಲಿ ಮಲಗಲು ಹೇಳಿ, ಕಾರನ್ನು ಬೀದಿಗೆ ತೆಗೆಸಿದೆ. ನೆಲ ಎದ್ದಿರುವುದು ಕಂಡರೆ ನೀವೂ ಮೊದಲು ಮಾಡಬೇಕಾದ್ದು ಅಷ್ಟೇ. ಮರದ ಎತ್ತರದ ಒಂದೂವರೆ ಪಟ್ಟು ದೂರದೊಳಗೆ ಯಾರೂ ಓಡಾಡದ ಹಾಗೆ ನೋಡಿಕೊಳ್ಳಿ. ಹಗ್ಗ ಕಟ್ಟಿ ನೀವೇ ಎಳೆಯಲು ಹೋಗಬೇಡಿ.

ಕಡಿಯಲೇಬೇಕು ಅಂತಾದರೆ ಕಾಗದ ಬೇಕು. ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರದು. ನಿಮ್ಮ ಸೈಟಿನೊಳಗಿನ ಮರಕ್ಕೂ ಅದು ಅನ್ವಯ. ಅರ್ಜಿ ಹೋಗಬೇಕಾದ್ದು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ, ಮೈಸೂರಿನವರು ಅಶೋಕಪುರಂನ ಅರಣ್ಯ ಭವನದಲ್ಲಿ ವಿಚಾರಿಸಿ. ತೆಂಗು, ಸಿಲ್ವರ್ ಓಕ್, ನೀಲಗಿರಿಯಂಥ ಕೆಲವಕ್ಕೆ ವಿನಾಯಿತಿ ಇದೆ. ಅರ್ಜಿ ಜೊತೆ ಮನೆ ದಾಖಲೆಯ ನಕಲು, ಬುಡದ ಫೋಟೊ ಇಡಿ. ತಲೆಯ ಫೋಟೊ ಇಟ್ಟರೆ ನೋಡಿದವರಿಗೆ ಹಸಿರು ಮರವೇ ಕಾಣುವುದು, ಅಪಾಯ ಕಾಣುವುದಿಲ್ಲ. ಬೀದಿ ಬದಿಯ ಮರ ನಿಮ್ಮ ಗೇಟಿಗೆ ಅಂಟಿಕೊಂಡಿದ್ದರೂ ನಿಮ್ಮದಲ್ಲ. ಅದಕ್ಕೆ ಪಾಲಿಕೆಗೋ ನಿಮ್ಮ ಪಟ್ಟಣ ಪಂಚಾಯಿತಿಗೋ ಬರೆದುಕೊಡಿ. ಬಿದ್ದೇ ಹೋಗಿದ್ದರೆ ಪಾಲಿಕೆಯ ಅಭಯ ತಂಡ ಬರುತ್ತದೆ. ಕೆರೆ ಏರಿ ಮೇಲಿನ ಮರಕ್ಕಂತೂ ಕೈ ಹಚ್ಚಲೇಬೇಡಿ.

ತಂತಿ ವಿಷಯಕ್ಕೆ ಸಲಹೆ ಒಂದೇ: ನೀವಲ್ಲ. ಕೊಂಬೆ ತಂತಿಗೆ ತಾಗಿದ್ದರೆ 1912ಕ್ಕೆ ಫೋನ್ ಮಾಡಿ, ಚೆಸ್ಕಾಂನವರು ಲೈನ್ ಆಫ್ ಮಾಡಿದ ಮೇಲೆಯೇ ಮಿಕ್ಕ ಮಾತು. ಒಣ ಬಿದಿರು, ರಬ್ಬರ್ ಚಪ್ಪಲಿ ಎಲ್ಲ ನಂಬಬೇಡಿ. ಹಸಿ ಕೊಂಬೆ ಅಂದರೆ ನೀರು ತುಂಬಿದ ಪೈಪು ಇದ್ದ ಹಾಗೆ.

ಹೆಚ್ಚಿನ ಮರಗಳಿಗೆ ಕಡಿಯುವುದು ಬೇಕಾಗುವುದೇ ಇಲ್ಲ, ಕೊಂಬೆ ಇಳಿಸಿದರೆ ಸಾಕು. ಇಲ್ಲೇ ಜನ ಎಡವುವುದು. ತಲೆ ಬೋಳಿಸಿದ ಮರ ಆರು ತಿಂಗಳಲ್ಲಿ ಪೊರಕೆ ಹಾಗೆ ಚಿಗುರುತ್ತದೆ. ‘ನೋಡಿ, ಎಷ್ಟು ಚೆನ್ನಾಗಿ ಚಿಗುರಿತು’ ಅಂತ ಖುಷಿಪಡುತ್ತಾರೆ. ಆ ಚಿಗುರು ಮರದ ಒಳಗಿಂದ ಬಂದಿದ್ದಲ್ಲ, ಅಂಚಿಗೆ ಅಂಟಿಕೊಂಡಿರುವುದು. ಐದಾರು ವರ್ಷದಲ್ಲಿ ತೋಳು ಗಾತ್ರ ಆಗುತ್ತದೆ, ಬುಡ ಮಾತ್ರ ಹಾಗೇ ಅಂಟಿಕೊಂಡಿರುತ್ತದೆ. ಅಷ್ಟರಲ್ಲಿ ಕಡಿದ ಗಾಯದಿಂದ ಕೊಳೆತ ಕೆಳಗೆ ಇಳಿದಿರುತ್ತದೆ. ಒಣಗಿದ್ದು, ಒಂದಕ್ಕೊಂದು ಉಜ್ಜುವುದು, ಬಂದಳಿಕೆ ಹಿಡಿದದ್ದು, ಮಾಡಿನ ಮೇಲೆ ಚಾಚಿದ್ದು, ಇವನ್ನು ತೆಗೆಯಿರಿ. ಒಟ್ಟು ಹಸಿರಿನ ಕಾಲು ಭಾಗ ದಾಟಬೇಡಿ.

ಕೊಂಬೆ ಕತ್ತರಿಸುವುದರಲ್ಲಿ ಮೂರು ಗರಗಸದ ಏಟು. ಮೊದಮೊದಲು ನಾನು ಮೇಲಿನಿಂದ ಒಂದೇ ಏಟಿಗೆ ಇಳಿಸುತ್ತಿದ್ದೆ. ಒಮ್ಮೆ ಹೊಂಗೆ ಕೊಂಬೆ ಅರ್ಧ ಕತ್ತರಿಸುವಷ್ಟರಲ್ಲಿ ಮುರಿದು, ಕಾಂಡದ ತೊಗಟೆಯನ್ನು ಎರಡು ಮೊಳ ಸುಲಿದುಕೊಂಡು ಜೋತುಬಿತ್ತು. ಬಾಳೆದಿಂಡಿನ ಸಿಪ್ಪೆ ಎಳೆದ ಹಾಗೆ. ಕೆಳಗಿನ ಶೀಟು ಒಡೆಯಿತು, ದುಡ್ಡು ನಾನೇ ಕೊಟ್ಟೆ. ಆ ಮರದ ಗಾಯ ಇವತ್ತಿಗೂ ಪೂರ್ತಿ ಮುಚ್ಚಿಲ್ಲ. ಸರಿಯಾದ ದಾರಿ ಇದು: ಕಾಂಡದಿಂದ ಒಂದು ಮೊಳ ಆಚೆ, ಕೊಂಬೆಯ ಅಡಿಯಿಂದ ಮೇಲಕ್ಕೆ ಮೂರನೇ ಒಂದು ಪಾಲು ಕೊಯ್ಯಿರಿ. ಅದರಿಂದ ಇನ್ನೂ ನಾಲ್ಕು ಬೆರಳು ಆಚೆ ಮೇಲಿನಿಂದ ಕೊಯ್ದರೆ ಕೊಂಬೆ ಮುರಿದು ಬೀಳುತ್ತದೆ, ತೊಗಟೆ ಸುಲಿಯುವುದಿಲ್ಲ. ಉಳಿದ ಮೋಟನ್ನು ಕೊನೆಗೆ ತೆಗೆಯುವುದು. ಕೊಂಬೆ ಕಾಂಡಕ್ಕೆ ಸೇರುವ ಕಡೆ ಉಬ್ಬಿದ ಒಂದು ಕೊರಳು ಇರುತ್ತದೆ, ಕೈಯಾಡಿಸಿದರೆ ಸಿಗುತ್ತದೆ. ಕೊರಳನ್ನು ಉಳಿಸಿ, ಅದರ ಹೊರಗೆ ಕೊಯ್ಯಿರಿ. ಗಾಯ ಮುಚ್ಚುವ ಶಕ್ತಿ ಇರುವುದು ಅದರಲ್ಲೇ. ಮೇಲೆ ಡಾಂಬರು, ಪೇಂಟು ಏನೂ ಬಳಿಯಬೇಡಿ.

ನೆಲದ ಮೇಲೆ ನಿಂತು ಕೈಗರಗಸಕ್ಕೆ ಸಿಗುವ, ಮಣಿಕಟ್ಟು ಗಾತ್ರದ ಕೊಂಬೆವರೆಗೆ ನೀವೇ ಮಾಡಿಕೊಳ್ಳಬಹುದು. ಏಣಿ ಬೇಕು ಅಂದಕೂಡಲೇ ಜನ ಕರೆಸಿ. ಬಂದವರು ಹೆಲ್ಮೆಟ್, ಬೆಲ್ಟು, ಹಗ್ಗ, ರಾಟೆ ತಂದಿದ್ದಾರಾ ನೋಡಿ. ಬರೀ ಮಚ್ಚು ಹಿಡಿದು ಬಂದು ‘ಅರ್ಧ ಗಂಟೆ ಕೆಲಸ ಸಾರ್’ ಅಂದರೆ ಟೀ ಕುಡಿಸಿ ಕಳಿಸಿ. ಗೂಡು, ಜೇನು ಇದೆಯಾ ಅಂತ ಮೊದಲು ಅವರೇ ಕೇಳಬೇಕು. ಕೆರೆ ಪಕ್ಕ ಆದ್ದರಿಂದ ಹಕ್ಕಿ ಮೊಟ್ಟೆ ಇಟ್ಟಿರುವುದು ಜಾಸ್ತಿ, ಮರಿ ಹಾರುವವರೆಗೆ ಕಾದರೆ ಗಂಟೇನೂ ಹೋಗುವುದಿಲ್ಲ. ರೇಟು ಮಾತಾಡುವಾಗಲೇ ದಿಮ್ಮಿ ಯಾರಿಗೆ, ಸೊಪ್ಪು ಸಾಗಿಸುವುದು ಯಾರು ಅಂತ ತೀರ್ಮಾನ ಮಾಡಿಕೊಳ್ಳಿ. ಜಗಳ ಆಗುವುದು ಮರಕ್ಕಲ್ಲ, ಸೊಪ್ಪಿಗೆ.

ತೆಂಗಿನದು ಬೇರೆ ಲೆಕ್ಕ. ಒಣ ಗರಿ, ಬಲಿತ ಕಾಯಿ ಮಾತ್ರ ಇಳಿಸಿ, ಹಸಿ ಗರಿ ಕೊಯ್ದರೆ ಮರ ಸೊರಗುತ್ತದೆ. ಕಾಂಡದ ತೂತಿನಿಂದ ಕಂದು ರಸ, ಅಗಿದ ನಾರು ಬರುತ್ತಿದ್ದರೆ ಕಿವಿ ಇಟ್ಟು ಕೇಳಿ. ಒಳಗೆ ಕರಕರ ಅಂದರೆ ಕೆಂಪು ಮೂತಿ ಹುಳ. ಸುಳಿ ಬಾಗಿದ ಮೇಲೆ ಅಂಥ ಮರಕ್ಕೆ ನಾನು ಹತ್ತುವುದಿಲ್ಲ, ಎಷ್ಟು ಕೊಟ್ಟರೂ.

ಮೇಷ್ಟ್ರ ಗುಲ್‌ಮೊಹರ್ ಮೂರು ದಿನದಲ್ಲಿ, ಮೇಲಿನಿಂದ ತುಂಡು ತುಂಡಾಗಿ, ಹಗ್ಗದಲ್ಲಿ ಇಳಿಯಿತು. ಅದೇ ಜಾಗದಲ್ಲಿ ಏನು ನೆಡಲಿ ಅಂತ ಕೇಳಿದರು. ಅದೇ ಜಾಗ ಬೇಡ ಅಂದೆ. ಕಾಂಪೌಂಡಿನಿಂದ ಹತ್ತಡಿ ಒಳಗೆ ಹೊಂಗೆ ಹಾಕಿಸಿದೆ. ಸುತ್ತ ಮೂರಡಿ ಮಣ್ಣು ಬಿಟ್ಟು ಉದುರೆಲೆ ಹರಡಿದ್ದಾರೆ, ಒಂದು ಟೈಲ್ಸೂ ಇಲ್ಲ. ಹೋದ ತಿಂಗಳು ಹೋದಾಗ ನನಗಿಂತ ಎತ್ತರ ಇತ್ತು. ಕಟ್ಟಿದ್ದ ಊರುಗೋಲಿನ ದಾರ ತೊಗಟೆಗೆ ಒತ್ತುತ್ತಿತ್ತು, ಬಿಚ್ಚಿ ಬಂದೆ.