ಜಿವಿಮ್ ಸೇವ್ ಬಾಕ್ಸ್ ಟೈಟಲ್‌ನಲ್ಲಿ ಫೋಲ್ಡರ್ ಹೆಸರು ಬರಿಸಿದ್ದು

ಬೆಂಗಳೂರು ವಿಜಯನಗರದ ಮನೇಲೇ ಕೂತು ಕನ್ನಡ ಪಠ್ಯ ಟೈಪ್ ಮಾಡಿ ತಿದ್ದಿಕೊಡೋದು ನನ್ನ ಕೆಲಸ, ಎಲ್ಲಾ ವಿಂಡೋಸ್ ಮೇಲಿನ ಜಿವಿಮ್‌ನಲ್ಲೇ, ಅಂದ್ರೆ ವಿಮ್ ಅನ್ನೋ ಟೆಕ್ಸ್ಟ್ ಎಡಿಟರಿನ ವಿಂಡೋ ಇರೋ ರೂಪದಲ್ಲಿ. ಕರಡು ಅಂತ ಒಂದು ಫೋಲ್ಡರ್, ಅಂತಿಮ ಅಂತ ಇನ್ನೊಂದು, ಎರಡರಲ್ಲೂ ಫೈಲ್ ಹೆಸರು ಒಂದೇ. ಒಂದು ಸಂಜೆ ಮಳೆ ಬಂದು ಕರೆಂಟ್ ಹೋಯ್ತು, ಯುಪಿಎಸ್ ಕೂಗ್ತಾ ಇತ್ತು, ಎರಡೂ ವಿಂಡೋ ಮುಚ್ಚೋಕೆ ಹೋದ್ರೆ ಸೇವ್ ಮಾಡ್ಲಾ ಅಂತ ಬಾಕ್ಸ್ ಬಂತು, ಎರಡಕ್ಕೂ ಟೈಟಲ್ ಬರೀ ಕ್ವೆಶ್ಚನ್, ಒಳಗೂ ಫೈಲ್ ಹೆಸರು ಮಾತ್ರ, ಆತುರದಲ್ಲಿ ಯೆಸ್ ಒತ್ತಿಬಿಟ್ಟೆ. ಬೇಡದ ಬದಲಾವಣೆ ಸೇವ್ ಆಗಿ ಅಂತಿಮದ ಒಂದು ಇಡೀ ಅಧ್ಯಾಯ ಹೋಯ್ತು. ತುಂಬಾ ಬೇಜಾರಾಯ್ತು.

ಟೈಟಲ್‌ನಲ್ಲಿ ಫೋಲ್ಡರ್ ಹೆಸರು ಬರಿಸೋದು ವಿಮ್ ಸ್ಕ್ರಿಪ್ಟ್‌ನಲ್ಲೇ ಆಗುತ್ತೇನೋ ಅಂತ ನೋಡಿದೆ. ಇಂಥ ಬಾಕ್ಸ್ ತೋರಿಸೋ ಕನ್ಫರ್ಮ್ ಫಂಕ್ಷನ್‌ಗೆ ಮೆಸೇಜು, ಬಟನ್‌ಗಳು, ಡೀಫಾಲ್ಟು, ಟೈಪು ಇಷ್ಟೇ ಕೊಡಬಹುದು, ಟೈಟಲ್‌ಗೆ ಜಾಗಾನೇ ಇಲ್ಲ. ಸರಿ ಅಂತ ವಿಮ್‌ನ ಸೋರ್ಸ್ ಕೋಡೇ ಇಳಿಸಿಕೊಂಡೆ.

ಕ್ವೆಶ್ಚನ್ ಅನ್ನೋ ಪದ ಮೆಸೇಜ್ ಡಾಟ್ ಸಿ ಫೈಲಲ್ಲಿ ಸಿಗುತ್ತೆ. ಮೊದಲು ಅದನ್ನೇ ಬದಲಾಯಿಸಿದೆ, ಅದು ತಪ್ಪು. ಟೈಟಲ್ ಕೊಡದೇ ಕರೆದ ಯೆಸ್-ನೋ ಬಾಕ್ಸ್‌ಗಳೆಲ್ಲ ಅದೇ ಪದ ತಗೊಳ್ಳುತ್ವೆ, ಓವರ್‌ರೈಟ್ ಮಾಡ್ಲಾ ಅಂತ ಕೇಳೋ ಬಾಕ್ಸ್‌ಗೂ ನನ್ನ ಟೈಟಲ್ಲೇ ಬಂತು. ಕೈ ಹಾಕಬೇಕಾದ್ದು ಕರೆಯೋ ಕಡೆ, ಅಂದ್ರೆ ಎಕ್ಸ್ ಸಿಎಮ್‌ಡಿಎಸ್ 2 ಡಾಟ್ ಸಿ ಒಳಗಿನ ಡೈಲಾಗ್ ಚೇಂಜ್ಡ್ ಫಂಕ್ಷನ್ನಿಗೆ. ಅಲ್ಲಿ ಟೈಟಲ್ ಜಾಗದಲ್ಲಿ ನಲ್, ಅಂದ್ರೆ ಏನೂ ಇಲ್ಲ ಅಂತ, ಕಳಿಸ್ತಾರೆ, ಎರಡು ಕಡೆ ಇದೆ, ಎರಡನ್ನೂ ಬದಲಾಯಿಸಬೇಕು. ಅಲ್ಲಿ ಬಫರ್‌ನ (ತೆರೆದಿರೋ ಫೈಲಿನ) ಪೂರ್ತಿ ಪಾತ್, ಅಂದ್ರೆ ಫೋಲ್ಡರ್ ಸಮೇತ ಹೆಸರು, ಕೊಟ್ಟೆ. ಹೆಸರಿಡದ ಹೊಸ ಫೈಲಿಗೆ ಪಾತೇ ಇರಲ್ಲ, ಅದಕ್ಕೆ ನಲ್ಲೇ ಹೋಗಲಿ, ಹಳೇ ಕ್ವೆಶ್ಚನ್ ಬರುತ್ತೆ, ತೊಂದರೆ ಇಲ್ಲ.

ಆಮೇಲೆ ಬಂತು ನಿಜವಾದ ತಲೆನೋವು. ಪಾತ್ ಉದ್ದ ಆದ್ರೆ ವಿಂಡೋಸ್ ಟೈಟಲ್‌ನ ಕೊನೆ ಕತ್ತರಿಸಿ ಚುಕ್ಕಿ ಹಾಕುತ್ತೆ, ನನಗೆ ಬೇಕಾಗಿದ್ದೇ ಆ ಕೊನೆ. ಅದಕ್ಕೆ ಪಾತ್‌ನ ಕೊನೇ 60 ಬೈಟ್ ಮಾತ್ರ ತಗೊಂಡೆ. ಕೆಲವು ಫೈಲಿಗೆ ಚೆನ್ನಾಗೇ ಬಂತು, ಕೆಲವಕ್ಕೆ ಟೈಟಲ್ ಶುರುನಲ್ಲೇ ಏನೇನೋ ಗುರುತು. ಎರಡು ರಾತ್ರಿ ಒದ್ದಾಡಿದ ಮೇಲೆ ಹೊಳೀತು, ಅಕ್ಷರಗಳನ್ನ ಬೈಟ್‌ಗಳಾಗಿ ಇಡೋ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಅಕ್ಷರಾನೂ ಕಾಗುಣಿತದ ಒಂದೊಂದು ಗುರುತೂ 3 ಬೈಟ್, ನಾನು ಅದರ ನಡುವೆ ಕತ್ತರಿ ಹಾಕ್ತಿದ್ದೆ! ಬರೀ ಇಂಗ್ಲಿಷ್ ಹೆಸರಿನ ಫೋಲ್ಡರ್ ಇಟ್ಕೊಂಡೋರಿಗೆ ಇದು ಗೊತ್ತೇ ಆಗಲ್ಲ. ವಿಮ್ ಒಳಗೇ ಎಂಬಿ ಹೆಡ್ ಆಫ್ ಅಂತ ಒಂದು ಫಂಕ್ಷನ್ ಇದೆ, ಅಕ್ಷರದ ಮೊದಲ ಬೈಟ್ ಎಷ್ಟು ಹಿಂದಿದೆ ಅಂತ ಹೇಳುತ್ತೆ, ಅಷ್ಟು ಹಿಂದೆ ಸರಿದು ಅಲ್ಲಿಂದ ಕತ್ತರಿಸಿದೆ, ಸರಿ ಹೋಯ್ತು.

ಬಿಲ್ಡ್ ಮಾಡಿದ್ದು ವಿಂಡೋಸ್‌ನ ಮಿಂಗ್‌ಡಬ್ಲ್ಯೂ ಕಂಪೈಲರಿನಲ್ಲಿ, ಹೊಸ ಎಕ್ಸ್‌ಇ ಹಾಕೋ ಮುಂಚೆ ಹಳೇದನ್ನ ಬೇರೆ ಕಡೆ ಇಟ್ಕೊಂಡಿದ್ದೆ. ಈಗ ಎರಡೂ ವಿಂಡೋ ಒಟ್ಟಿಗೆ ಮುಚ್ಚಿದ್ರೆ ಒಂದರ ತಲೆ ಮೇಲೆ ಕರಡು, ಇನ್ನೊಂದರ ಮೇಲೆ ಅಂತಿಮ ಅಂತ ಕಾಣುತ್ತೆ.