ಅಡುಗೆಮನೆ ಕಪಾಟಿನ ಹಿಂದೆ ಇಲಿ ಸೇರಿದೆಯೇ? ವಿಷ ಕೊನೆಗಿರಲಿ, ಮೊದಲು ತೂತು ಹುಡುಕಿ

ಮುಂಗಾರು ಹಿಡಿದುಕೊಂಡಿತು ಅಂದರೆ ಚಿಕ್ಕಮಗಳೂರಿನಲ್ಲಿ ಇಲಿ ಕಾಟವೂ ಶುರು. ತೋಟದಲ್ಲಿ, ಗದ್ದೆ ಬದುವಿನಲ್ಲಿ ಬಿಲಕ್ಕೆ ನೀರು ನುಗ್ಗಿದಾಗ ಅವು ಬೆಚ್ಚಗಿನ ಜಾಗ ಹುಡುಕಿಕೊಂಡು ಬರುತ್ತವೆ. ಹೆಂಚಿನ ಮನೆಗಳಲ್ಲಿ ಅಟ್ಟ ಸೇರುತ್ತಿದ್ದವು. ಈಗಿನ ಮನೆಗಳಲ್ಲಿ ಅವಕ್ಕೆ ಮಾಡ್ಯುಲರ್ ಕಿಚನ್ ಸಿಕ್ಕಿದೆ. ಕಪಾಟುಗಳ ಅಡಿಯಲ್ಲಿ ಒಂದು ಗೇಣು ಖಾಲಿ ಜಾಗ, ಹಿಂದೆ ಕತ್ತಲು, ಪಕ್ಕದಲ್ಲಿ ಫ್ರಿಜ್ಜಿನ ಬಿಸಿ, ಮೇಲಿಂದ ಬೀಳುವ ಅನ್ನದ ಅಗುಳು. ಇನ್ನೇನು ಬೇಕು?

ಹೆಚ್ಚಿನವರು ವಿಷದ ಕೇಕ್ ತಂದು ಕಪಾಟಿನ ಹಿಂದಕ್ಕೆ ಎಸೆದುಬಿಡುತ್ತಾರೆ. ಬ್ರೊಮಾಡಿಯೊಲೋನ್ ಇರುವ ಈ ಕೇಕ್ ತಿಂದ ಇಲಿ ಕೂಡಲೇ ಸಾಯುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ಮಾಡಿ ಕೊಲ್ಲುವ ವಿಷ ಅದು, ಕೆಲವು ದಿನ ಹಿಡಿಯುತ್ತದೆ. ಅಷ್ಟರಲ್ಲಿ ಇಲಿ ನಿಮ್ಮ ಕೈಗೆ ಸಿಗದ ಮೂಲೆ ಸೇರಿರುತ್ತದೆ. ವಿಷ ತಿಂದದ್ದು ನೀರು ಹುಡುಕಿಕೊಂಡು ಹೊರಗೆ ಹೋಗಿ ಸಾಯುತ್ತದೆ ಅನ್ನುವ ಮಾತನ್ನು ನಂಬಬೇಡಿ. ನಾತ ಹೊಡೆದ ಮೇಲೆ ಕಪಾಟು ಬಿಚ್ಚಿಸಲು ಬಡಗಿಯನ್ನೇ ಕರೆಯಬೇಕು. ಟ್ಯೂಬಿನಲ್ಲಿ ಬರುವ ಹಳದಿ ರಂಜಕದ ಪೇಸ್ಟ್ ಅಂತೂ ಮನೆಯೊಳಗೆ ಬೇಡವೇ ಬೇಡ. ಮನುಷ್ಯರ ಹೊಟ್ಟೆಗೆ ಹೋದರೆ ಅದು ಲಿವರ್ ಕೆಡಿಸುತ್ತದೆ, ಅದಕ್ಕೆ ಪ್ರತಿವಿಷವೂ ಇಲ್ಲ.

ಯಾರು ಬಂದಿದ್ದಾರೆ?

ಹಿಕ್ಕೆ ನೋಡಿ. ಅಕ್ಕಿ ಕಾಳಿನಷ್ಟಿದ್ದರೆ ಚಿಕ್ಕ ಇಲಿ. ಅರ್ಧ ಇಂಚು ಅಥವಾ ಅದಕ್ಕಿಂತ ಉದ್ದವಿದ್ದರೆ ದೊಡ್ಡದು. ಮನೆ ಹೊರಗೆ ಪಾಯದ ಪಕ್ಕ ಮಣ್ಣು ಗುಡ್ಡೆ ಬಿದ್ದಿದ್ದರೆ ಹೆಗ್ಗಣ.

ತೂತು ಹುಡುಕುವುದು

ಎಲ್ಲರೂ ಸೋಲುವುದು ಇಲ್ಲೇ. ಕಪಾಟಿನ ಬಾಗಿಲು ತೆಗೆದು ಟಾರ್ಚ್ ಬಿಟ್ಟು ‘ಏನೂ ಇಲ್ಲ’ ಅಂದರೆ ಆಗುವುದಿಲ್ಲ. ಕಪಾಟಿನ ಬುಡದಲ್ಲಿ ನೆಲಕ್ಕೆ ತಾಗಿದಂತೆ ಇರುವ ಸ್ಕರ್ಟಿಂಗ್ ಪಟ್ಟಿ ಸಾಮಾನ್ಯವಾಗಿ ಕ್ಲಿಪ್ಪಿನಲ್ಲಿ ಕೂತಿರುತ್ತದೆ. ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಎಳೆದರೆ ಬರುತ್ತದೆ. ಸಿಲಿಕಾನ್ ಬಳಿದಿದ್ದರೆ ಮೊದಲು ಬ್ಲೇಡಿನಿಂದ ಕೊಯ್ಯಿರಿ. ಕೆಳಗಿನ ಡ್ರಾಯರ್‌ಗಳನ್ನೂ ಹೊರಗೆ ತೆಗೆದಿಡಿ. ತಲೆ ಹೋಗದ ಕಡೆಗೆ ಮೊಬೈಲ್ ಕಳಿಸಿ: ಟಾರ್ಚ್ ಹಾಕಿ, ವಿಡಿಯೊ ಒತ್ತಿ, ಕೋಲಿಗೆ ಕಟ್ಟಿ ಒಳಗೆ ತಳ್ಳಿ. ಎರಡು ಸಾಲು ಕಪಾಟು ಸೇರುವ ಮೂಲೆಯನ್ನು ಬಿಡಬೇಡಿ, ಗೂಡು ಹೆಚ್ಚಾಗಿ ಅಲ್ಲೇ ಇರುತ್ತದೆ. ಗೋಡೆ ಬುಡದಲ್ಲಿ ಕಪ್ಪಗೆ ಜಿಡ್ಡು ಮೆತ್ತಿದ ಗೆರೆ ಕಂಡರೆ ಅದು ಅವು ಓಡಾಡುವ ದಾರಿ.

ಅನುಮಾನ ಪಡಬೇಕಾದ ಮೊದಲ ಜಾಗ ಸಿಂಕ್ ಕೆಳಗೆ. ಸುರುಳಿ ಸುರುಳಿ ಬಿಳಿ ಪೈಪನ್ನು ನೆಲದ ತೂತಿಗೆ ಸುಮ್ನೆ ಇಳಿಬಿಟ್ಟು ಪ್ಲಂಬರ್ ಹೋಗಿರುತ್ತಾನೆ, ಸುತ್ತ ಒಂದು ಬೆರಳು ಸಂದು. ಆಮೇಲೆ ಗ್ಯಾಸ್ ಪೈಪ್, ವಾಟರ್ ಫಿಲ್ಟರ್ ಪೈಪ್, ಚಿಮಣಿ ಕೊಳವೆ ಗೋಡೆ ದಾಟುವ ತೂತುಗಳು. ಇನ್ನೊಂದು ವಿಷಯ ಇದೆ. ಕಪಾಟು ಬರುತ್ತದಲ್ಲ, ಯಾರಿಗೆ ಕಾಣುತ್ತದೆ ಅಂತ ಅದರ ಹಿಂದಿನ ಗೋಡೆಗೆ ಗಾರೆ ಮಾಡದೇ ಬಿಡುವವರಿದ್ದಾರೆ. ಇಟ್ಟಿಗೆ ಸಂದುಗಳೂ ಆಗ ಬಾಗಿಲೇ. ಪೆನ್ಸಿಲ್ ತೂರಿದರೆ ಚಿಕ್ಕ ಇಲಿಯೂ ತೂರುತ್ತದೆ, ಹೆಬ್ಬೆರಳು ಹೋದರೆ ದೊಡ್ಡದು.

ಯಾವ ತೂತು ಬಳಕೆಯಲ್ಲಿದೆ ಅಂತ ತಿಳಿಯಲು ರಾತ್ರಿ ಎಲ್ಲದಕ್ಕೂ ನ್ಯೂಸ್ ಪೇಪರ್ ಉಂಡೆ ತುರುಕಿ. ಬೆಳಿಗ್ಗೆ ಯಾವುದರ ಉಂಡೆ ಹೊರಬಿದ್ದಿದೆಯೋ ಅದೇ ದಾರಿ. ಎರಡು ಮೂರು ರಾತ್ರಿ ಹೀಗೇ ನೋಡಿ. ಉಳಿದ ತೂತುಗಳನ್ನು ಕೂಡಲೇ ಮುಚ್ಚಿ. ಓಡಾಟದ ತೂತನ್ನು ಮಾತ್ರ ಈಗಲೇ ಮುಚ್ಚಬೇಡಿ. ಒಳಗೆ ಸಿಕ್ಕಿಕೊಂಡ ಇಲಿ ಪ್ಲೈವುಡ್ ಕಡಿಯುತ್ತದೆ, ವೈರ್ ಕಡಿಯುತ್ತದೆ.

ಮುಚ್ಚುವುದು

ಸ್ಪ್ರೇ ಫೋಮ್ ಬೇಡ. ಉಬ್ಬಿಕೊಂಡು ನೋಡಲು ಚೆನ್ನಾಗಿರುತ್ತದೆ, ಇಲಿಗೆ ಒಂದು ರಾತ್ರಿಯ ಕೆಲಸ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರಬ್ಬರ್ ತನ್ನಿ, ನಮ್ಮ ಮಳೆಗಾಲದ ಶೀತಕ್ಕೆ ಮಾಮೂಲಿ ಕಬ್ಬಿಣದ ನಾರು ತುಕ್ಕು ಹಿಡಿದು ಪುಡಿಯಾಗುತ್ತದೆ. ಸ್ಕ್ರಬ್ಬರನ್ನು ಸ್ಕ್ರೂಡ್ರೈವರ್‌ನಿಂದ ಬಿಗಿಯಾಗಿ ತುರುಕಿ, ಮೇಲೆ ಸಿಮೆಂಟ್ ಮರಳು ಮೆತ್ತಿ. ದೊಡ್ಡ ತೂತಿಗೆ ಕಾಲಿಂಚು ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಜಾಲರಿ ಕೊಟ್ಟು ಗಾರೆ ಮಾಡಿ. ಗಾಜಿನ ಚೂರು ಬೆರೆಸುವ ಹಳೇ ಕ್ರಮವೂ ಒಳ್ಳೆಯದೇ, ಆದರೆ ಮುಂದೆ ಅಲ್ಲಿ ಕೈ ಹಾಕುವ ಪ್ಲಂಬರ್ ಬಗ್ಗೆ ಸ್ವಲ್ಪ ಕರುಣೆ ಇರಲಿ. ಸಿಂಕಿನ ಸುರುಳಿ ಪೈಪ್ ತೆಗೆಸಿ ಗಟ್ಟಿ ಪಿವಿಸಿ ಪೈಪ್ ಹಾಕಿಸಿ.

ಹಿಡಿಯುವುದು

ಬೋನನ್ನು ಗೋಡೆಗೆ ತಾಗಿಸಿ ಇಡಬೇಕು. ಇಲಿ ಗೋಡೆ ಸವರಿಕೊಂಡೇ ಓಡುತ್ತದೆ, ನಡುಮನೆಯಲ್ಲಿ ಇಟ್ಟರೆ ಕಾಯುತ್ತಾ ಕೂರಬೇಕು. ನನ್ನ ಮತ ಚಟ್ಟನೆ ಬಡಿಯುವ ಮರದ ಬೋನಿಗೆ. ಮಕ್ಕಳು, ಬೆಕ್ಕು ಇರುವ ಮನೆಯಲ್ಲಿ ಅದನ್ನಿಟ್ಟು ಸ್ಕರ್ಟಿಂಗ್ ಪಟ್ಟಿ ಮತ್ತೆ ಕೂರಿಸಿಬಿಡಿ. ಪಂಜರದ ಬೋನಾದರೆ ಸಿಕ್ಕಿದ್ದನ್ನು ಏನು ಮಾಡುವುದು ಅಂತ ಗೊತ್ತಾಗದೆ ಪಕ್ಕದ ಬೀದಿಗೆ ಬಿಟ್ಟು ಬರುತ್ತಾರೆ. ಪಕ್ಕದ ಬೀದಿಯವರೂ ಅದನ್ನೇ ಮಾಡುತ್ತಾರೆ! ತಿಂಡಿಗೆ ಸುಟ್ಟ ಕೊಬ್ಬರಿ ಚೂರು ಸಾಕು, ದಾರದಲ್ಲಿ ಕಟ್ಟಿ. ದೊಡ್ಡ ಇಲಿ ಹೊಸ ವಸ್ತು ಕಂಡರೆ ಹೆದರುತ್ತದೆ. ಎರಡು ಮೂರು ದಿನ ಬೋನು ಬಿಗಿಯದೇ ಕೊಬ್ಬರಿ ತಿನ್ನಲು ಬಿಡಿ, ಆಮೇಲೆ ಬಿಗಿಯಿರಿ. ಚಿಕ್ಕ ಇಲಿಗೆ ಈ ಭಯ ಕಡಿಮೆ, ಮೊದಲ ದಿನವೇ ಬಿಗಿಯಬಹುದು.

ಅಂಟಿನ ಹಲಗೆ ಬೇಡ. ಅದಕ್ಕೆ ಅಂಟಿದ ಇಲಿ ಗಂಟೆಗಟ್ಟಲೆ ಒದ್ದಾಡುತ್ತದೆ, ಕೊನೆಗೆ ಕೊಲ್ಲುವ ಕೆಲಸ ನಿಮ್ಮದೇ. ಪ್ಲಗ್ಗಿಗೆ ಸಿಕ್ಕಿಸುವ ‘ಶಬ್ದದಿಂದ ಇಲಿ ಓಡಿಸುವ’ ಡಬ್ಬಿಗೂ ದುಡ್ಡು ಸುರಿಯಬೇಡಿ. ಆ ಶಬ್ದ ಪ್ಲೈವುಡ್ ದಾಟಿ ಹಿಂದಕ್ಕೆ ಹೋಗುವುದಿಲ್ಲ, ಕೇಳಿಸಿದರೂ ಇಲಿಗೆ ಕೆಲವೇ ದಿನದಲ್ಲಿ ಅಭ್ಯಾಸವಾಗುತ್ತದೆ.

ಪೇಪರ್ ಉಂಡೆ ನಾಲ್ಕೈದು ರಾತ್ರಿ ಅಲುಗದೇ ಇದ್ದರೆ ಕೊನೆಯ ತೂತನ್ನೂ ಮುಚ್ಚಿ.

ಕ್ಲೀನ್ ಮಾಡುವುದು

ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ, ದೂಳು ಮೂಗಿಗೆ ಬರುತ್ತದೆ. ಕಿಟಕಿ ತೆಗೆದು, ಗ್ಲೌಸ್ ಹಾಕಿ, 1 ಪಾಲು ಬ್ಲೀಚ್ ದ್ರವಕ್ಕೆ 10 ಪಾಲು ನೀರು ಬೆರೆಸಿ ಚಿಮುಕಿಸಿ. ಐದು ನಿಮಿಷ ನೆನೆದ ಮೇಲೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಬ್ಲೀಚಿಗೆ ಟಾಯ್ಲೆಟ್ ಆಸಿಡ್ ಸೇರಿಸಲೇಬಾರದು, ವಿಷದ ಗಾಳಿ ಏಳುತ್ತದೆ. ಪಟ್ಟಿ ಕೂರಿಸುವ ಮೊದಲು ಗ್ಯಾಸ್ ಟ್ಯೂಬನ್ನು ಉದ್ದಕ್ಕೂ ಕೈಯಾಡಿಸಿ ನೋಡಿ. ಹಲ್ಲಿನ ಗುರುತಿದ್ದರೆ ರೆಗ್ಯುಲೇಟರ್ ಆಫ್ ಮಾಡಿ, ಒಳಗೆ ತಂತಿ ಇರುವ ಸುರಕ್ಷಾ ಟ್ಯೂಬ್ ಹಾಕಿಸಿದ ಮೇಲೆಯೇ ಒಲೆ ಹಚ್ಚಿ.

ಇಲಿ ಮೂತ್ರದಿಂದ ಇಲಿ ಜ್ವರ ಬರುತ್ತದೆ, ಮಳೆಗಾಲದಲ್ಲಿ ಜಾಸ್ತಿ. ಕೈಕಾಲಲ್ಲಿ ಗಾಯವಿದ್ದವರು ಈ ಕೆಲಸಕ್ಕೆ ಇಳಿಯಬೇಡಿ. ಮುಂದಿನ ಕೆಲವು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಮನೆಯಲ್ಲಿ ಇಲಿ ಇದ್ದದ್ದನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ.